ಕೊನೆಯ ಸಾಲಿಗೆ ಕೇಳಿಸುವಂತೆ

ಜನವರಿ ೨೨

ಅಕ್ಕನಿಗೆ,

ಫೋನ್ ಮಾಡಿದರೆ ನಿನ್ನ ಮಗಳು ಎತ್ತುತ್ತಾಳೆ. "ಅಮ್ಮನಿಗೆ ಕಾಗದ ಬರೀಬೇಕಂತೆ ಚಿಕ್ಕಮ್ಮ, ಫೋನಿನಲ್ಲಿ ಮಾತಾಡಲ್ವಂತೆ" ಅನ್ನುತ್ತಾಳೆ. ಅರವತ್ತು ದಾಟಿದ ಮೇಲೆ ಈ ಹೊಸ ಗತ್ತು ಎಲ್ಲಿಂದ ಬಂತೋ ನಿನಗೆ. ಇರಲಿ, ಬರೆಯುತ್ತೇನೆ.

ಇಲ್ಲಿಗೆ ರೈಲುಹಾದಿಯೇ ಮುಗಿಯುತ್ತದೆ. ಮುಂದೆ ಬರೀ ಸಮುದ್ರ. ದಂಡೆಯುದ್ದಕ್ಕೂ ಹೋಟೆಲುಗಳ ಸಾಲು, ಮುಕ್ಕಾಲು ಪಾಲು ಕಿಟಕಿಗಳಿಗೆ ಹಲಗೆ ಹೊಡೆದಿದ್ದಾರೆ. ಮೀನಿನ ದೋಣಿಗಳು ದೊಡ್ಡ ಬಂದರಿಗೆ ಹೋದವು, ಮಂಜುಗಡ್ಡೆ ಕಾರ್ಖಾನೆ ಮುಚ್ಚಿತು, ಆಮೇಲೆ ಒಂದೊಂದೇ ಅಂಗಡಿ. ಈಗ ನಗರಸಭೆಯವರಿಗೆ ಊರನ್ನು ಮತ್ತೆ ಎಬ್ಬಿಸುವ ಹುರುಪು ಬಂದಿದೆ. ಆ ಹಾಳು ಕಾರ್ಖಾನೆಯನ್ನೇ ರಂಗಮಂದಿರ ಮಾಡಬೇಕಂತೆ. ನಾಟಕ ನೋಡಲು ಜನ ಬರುತ್ತಾರೆ, ಬಂದವರು ಉಳಿಯುತ್ತಾರೆ, ಉಳಿದವರು ಉಣ್ಣುತ್ತಾರೆ ಎಂಬ ಲೆಕ್ಕ. ನಕ್ಷೆ ಬರೆದು ಕಟ್ಟಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ಹಿಗ್ಗಬೇಕಿತ್ತು. ನಿಜ ಹೇಳಬೇಕೆಂದರೆ ಮೊದಲು ಅನ್ನಿಸಿದ್ದು, ಅಯ್ಯೋ, ಮತ್ತೆ ಮೊದಲಿನಿಂದ ಶುರುಮಾಡಬೇಕಲ್ಲ ಎಂದು. ಕಚೇರಿಯಲ್ಲಿ ಜೊತೆಗಿದ್ದವರು ಬಿಟ್ಟುಹೋದ ಮೇಲೆ ಗೆರೆ ಎಳೆಯುವವಳೂ ನಾನೇ, ಜಗಳ ಆಡುವವಳೂ ನಾನೇ.

ಆದರೆ ಕಾರ್ಖಾನೆಯ ಒಳಗೆ ಕಾಲಿಟ್ಟಾಗ ನಿನ್ನ ನೆನಪಾಯಿತು. ಎತ್ತರದ ಸೂರು, ದಪ್ಪ ಗೋಡೆ. ಮೈಕು ಇಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟುವಂತೆ ಕಟ್ಟಬೇಕು ಅನ್ನಿಸಿತು. ಆಯುಷ್ಯವೆಲ್ಲ ವೇದಿಕೆಯ ಮೇಲೆ ಕಳೆದವಳು ನೀನು. ಏನೇನು ಬೇಕು ಹೇಳು. ಕಟ್ಟಿದ ಮೇಲೆ ಮೊದಲು ನಿಲ್ಲುವವಳೂ ನೀನೇ.

ನಿನ್ನ ಮೊಂಡಿ

*

ಫೆಬ್ರವರಿ ೫

ಮೊಂಡಿಗೆ,

ಫೋನಿನಲ್ಲಿ ನೀನು "ಹ್ಞಾಂ ಹ್ಞಾಂ, ಆಮೇಲೆ?" ಎಂದು ಅವಸರ ಮಾಡುತ್ತೀಯ. ಕಾಗದದಲ್ಲಿ ಹಾಗೆ ಮಾಡಲಾಗುವುದಿಲ್ಲ, ಅದಕ್ಕೇ ಕಾಗದ.

ಏನು ಬೇಕು ಅಂದೆಯಲ್ಲ. ವೇದಿಕೆಯ ಮುಂದಿನದು ನಿನಗೆ ಬಿಟ್ಟಿದ್ದು. ನನಗೆ ಬೇಕಾದ್ದೆಲ್ಲ ಹಿಂದೆ. ಎಂಥೆಂಥ ಮಂದಿರಗಳಲ್ಲಿ ಆಡಿದ್ದೇನೆ ಗೊತ್ತೇನು? ಮುಂದೆ ಅರಮನೆ, ಹಿಂದೆ ದನದ ಕೊಟ್ಟಿಗೆ. ಗೋದಾಮಿನಲ್ಲಿ ಮೂಟೆಗಳ ಸಂದಿಯಲ್ಲಿ ಬಟ್ಟೆ ಬದಲಾಯಿಸಿದ್ದೇನೆ, ಇಬ್ಬರು ಹುಡುಗಿಯರು ದುಪ್ಪಟಿ ಅಡ್ಡ ಹಿಡಿದುಕೊಂಡು ನಿಂತಿರುತ್ತಿದ್ದರು. ಒಂದು ಕಡೆಯಂತೂ ಶೌಚಕ್ಕೆ ರಸ್ತೆ ದಾಟಬೇಕು. ಕಿರೀಟ ಇಟ್ಟುಕೊಂಡು, ಮಳೆಯಲ್ಲಿ ಕೊಡೆ ಹಿಡಿದು, ಪಕ್ಕದ ಗ್ಯಾರೇಜಿನವನ ಹತ್ತಿರ ಮಹಾರಾಣಿ ಬೀಗದ ಕೈ ಕೇಳಬೇಕು. ಅವನು ಕೈ ಮುಗಿದು ಕೊಟ್ಟ, ಪುಣ್ಯಾತ್ಮ.

ಒಳಗಿನಿಂದ ಚಿಲಕ ಹಾಕಲು ಬರುವ ಬಾಗಿಲಿರುವ ಒಂದು ಕೋಣೆ. ನಲ್ಲಿಯಲ್ಲಿ ನೀರು. ಬೆನ್ನು ಚಾಚಲು ಒಂದು ಬೆಂಚು. ವೇದಿಕೆಗೆ ಹತ್ತಿರವಿರಲಿ, ಓಡುತ್ತಾ ಬಂದು ಏದುಸಿರಿನಲ್ಲಿ ಪ್ರೇಮದ ಮಾತು ಆಡಲಾಗುವುದಿಲ್ಲ. ಇಷ್ಟು ಮಾಡಿಕೊಡು, ನಟಿಯರು ನಿನ್ನ ಹೆಸರು ಹೇಳಿ ದೀಪ ಹಚ್ಚುತ್ತಾರೆ.

ಮೊದಲು ನಾನೇ ನಿಲ್ಲುವ ವಿಚಾರ, ನೋಡೋಣ. ಹೊಸಬರು ಬೇಕಾದಷ್ಟು ಜನ ಇದ್ದಾರೆ.

ಅಕ್ಕ

*

ಮಾರ್ಚ್ ೨೬

ಅಕ್ಕನಿಗೆ,

ನಿನ್ನ ಕೋಣೆಗಳು ಕಾಗದದ ಮೇಲೆ ಬಂದಾಯಿತು. ಸಮುದ್ರದ ಕಡೆಗೇ ಹಾಕಿದ್ದೇನೆ. ಬಣ್ಣ ಹಚ್ಚಿಕೊಳ್ಳುವಾಗ ಕಿಟಕಿಯಿಂದ ಒಳ್ಳೆಯ ಬೆಳಕು ಬರುತ್ತದೆ. ನಗರಸಭೆಯ ಅಧ್ಯಕ್ಷರು ನೋಡಿ ತಲೆದೂಗಿದರು. ಅವರು ಎಲ್ಲದಕ್ಕೂ ತಲೆದೂಗುವವರು, ಆ ಮಾತು ಬೇರೆ.

ಕಳೆದ ವಾರ ಊರವರ ಸಭೆ ಕರೆದಿದ್ದರು. ನಾನು ಒಂದು ಸಣ್ಣ ಹೋಟೆಲಿನ ಮೇಲ್ಮಹಡಿಯಲ್ಲಿ ಇಳಿದುಕೊಂಡಿದ್ದೇನೆ. ಅದರ ಒಡತಿ ಗಂಡ ಸತ್ತ ಮೇಲೆ ಒಬ್ಬಳೇ ಹೋಟೆಲು ನಡೆಸುವವಳು, ಬೆಳಿಗ್ಗೆ ನನಗೆ ಚಹಾ ಕೊಟ್ಟ ಕೈ. ಅವಳೇ ಎದ್ದು ನಿಂತಳು. "ಈ ಊರಲ್ಲಿ ಒಬ್ಬ ಹಲ್ಲಿನ ಡಾಕ್ಟರಿಲ್ಲ. ಹಲ್ಲು ನೋವು ಬಂದ್ರೆ ರೈಲು ಹತ್ತಬೇಕು. ನೀವು ನಾಟಕದ ಮನೆ ಕಟ್ತೀರಿ. ಬಾಯಿ ಊದಿಕೊಂಡು ನಗೋದು ಹೇಗೆ?" ಅಂದಳು. ಸಭೆ ಗೊಳ್ಳೆಂದು ನಕ್ಕಿತು. ನಾನು ಊರು, ಕಲೆ, ಉಸಿರು ಎಂದು ಏನೇನೋ ಹೇಳಿದೆ. ನನ್ನ ಮಾತು ನನಗೇ ಪೇಲವವಾಗಿ ಕೇಳಿಸಿತು. ಸಂಜೆ ಅವಳೇ ಬಿಸಿನೀರು ತಂದಿಟ್ಟು, "ನಿಮ್ಮ ಮೇಲೆ ಸಿಟ್ಟಿಲ್ಲಮ್ಮ, ಹಲ್ಲು ನೋಯ್ತಿತ್ತು" ಎಂದಳು.

ನೀನು ಒಮ್ಮೆ ಬರಬೇಕು ಅಕ್ಕ. ಬೇಸಗೆಯಲ್ಲಿ ಬಾ. ಬರಿದಾದ ಕಾರ್ಖಾನೆಯಲ್ಲಿ ನಿಂತು ನಾಲ್ಕು ಮಾತು ಆಡು. ಯಂತ್ರ ಇಟ್ಟು ಅಳೆಯಬಹುದು, ಅಳೆದಿದ್ದೇನೆ. ಆದರೆ ಮನುಷ್ಯರ ದನಿ ಆ ಗೋಡೆಗೆ ಬಡಿದು ಹೇಗೆ ತಿರುಗುತ್ತದೆಂದು ನನ್ನ ಕಿವಿಯಿಂದಲೇ ಕೇಳಬೇಕು. ನಿನ್ನದಕ್ಕಿಂತ ಒಳ್ಳೆಯ ದನಿ ನನಗೆ ಗೊತ್ತಿಲ್ಲ.

ಮೊಂಡಿ

*

ಮೇ ೨

ಮೊಂಡಿಗೆ,

ಉತ್ತರ ತಡವಾಯಿತು. ಮನೆಗೆ ಸುಣ್ಣಬಣ್ಣ ಹೊಡೆಸುತ್ತಿದ್ದೇವೆ, ಕಾಗದ ಪೆನ್ನು ಯಾವ ಗುಡ್ಡೆಯ ಕೆಳಗಿತ್ತೋ. ಮೊಣಕಾಲು ಬೇರೆ ಹಿಡಿದುಕೊಂಡಿದೆ. ಅಷ್ಟು ದೂರದ ರೈಲು ಈ ಸಲ ಆಗಲಿಕ್ಕಿಲ್ಲ. ಗೋಡೆ ಪರೀಕ್ಷೆಗೆ ನನ್ನ ದನಿಯೇ ಏಕೆ? ಚಪ್ಪಾಳೆ ತಟ್ಟು, ಸಾಕು. ಇಲ್ಲವೇ ಹಲ್ಲು ನೋವಿನವಳನ್ನೇ ನಿಲ್ಲಿಸು. ಅವಳ ದನಿ ಸಭೆಯ ತುದಿ ಮುಟ್ಟಿತಲ್ಲ, ನಿನ್ನದು ಮುಟ್ಟಲಿಲ್ಲ.

ಅವಳ ಮಾತು ಸರಿಯೇ. ಹಾಗೆಂದು ನಿನ್ನದು ತಪ್ಪಲ್ಲ. ಎರಡೂ ಬೇಕಾದ ಊರಿನಲ್ಲಿ ಒಂದನ್ನೇ ಕೊಡಲು ಹೋದವರಿಗೆ ಬೈಗುಳ ತಪ್ಪಿದ್ದಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಅಕ್ಷರ ಸೊರಗಿದೆ.

ಅಕ್ಕ

*

ಜುಲೈ ೧೧

ಅಕ್ಕನಿಗೆ,

ಕೆಲಸ ನಡೆಯುತ್ತಿದೆ. ಅಡಿಪಾಯ ಅಗೆದು ತೆರೆದಿದ್ದೇವೆ. ನಕ್ಷೆಯಲ್ಲಿ ಕೆಲವು ಬದಲಾವಣೆಗಳಾಗಿವೆ, ಯಾವ ಕಟ್ಟಡದಲ್ಲೂ ಆಗುವಂಥವೇ.

ಎರಡು ಸಾಲಿನ ಪಾತ್ರ ಸಿಕ್ಕಿದರೂ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕುತ್ತಾ ಹೋಗುತ್ತಿದ್ದವಳು ನೀನು. ನಾನು ಕರೆದಾಗ ಮೊಣಕಾಲು ಹಿಡಿಯಿತು. ಮಗಳನ್ನು ಕೇಳಿದರೆ "ಅಮ್ಮ ಚೆನ್ನಾಗಿದ್ದಾಳೆ, ಸಂಜೆ ಕೆರೆ ಸುತ್ತಿ ಬರ್ತಾಳೆ" ಅನ್ನುತ್ತಾಳೆ. ಕೆರೆ ಸುತ್ತುವ ಕಾಲಿಗೆ ರೈಲಿನಲ್ಲಿ ಕೂರಲು ಏನು ಅಡ್ಡಿಯೋ. ಬರಲು ಮನಸ್ಸಿಲ್ಲದಿದ್ದರೆ ಇಲ್ಲ ಅನ್ನು. ಸಾಕು.

ಮೊಂಡಿ

*

ಆಗಸ್ಟ್ ೩

ನಿನಗೆ,

ನಿನ್ನ ರಂಗಮಂದಿರದ ಚಿತ್ರ ಪತ್ರಿಕೆಯಲ್ಲಿ ಬಂದಿದೆ. ಮಗಳು ತಂದುಕೊಟ್ಟಳು. ಸಮುದ್ರಕ್ಕೆ ಮುಖ ಮಾಡಿದ ದೊಡ್ಡ ಗಾಜಿನ ಪಡಸಾಲೆ, ಒಳಗೆ ಕಾಫಿ ಕುಡಿಯುವ ತೆಳ್ಳನೆಯ ಜನ. ಚೆನ್ನಾಗಿದೆ. ಕೆಳಗೆ ನಕ್ಷೆಯನ್ನೂ ಹಾಕಿದ್ದಾರೆ. ಕನ್ನಡಕ ಹಾಕಿಕೊಂಡು ವೇದಿಕೆಯ ಹಿಂದೆ ಹುಡುಕಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದೆ. ಚುಕ್ಕೆ ಗೆರೆಯ ಒಂದು ಚೌಕದಲ್ಲಿ "ಕಲಾವಿದರಿಗೆ ತಾತ್ಕಾಲಿಕ ಡೇರೆ" ಎಂದು ಬರೆದಿತ್ತು.

ಡೇರೆಯಲ್ಲಿ ಬಟ್ಟೆ ಬದಲಾಯಿಸಿದ ಕಥೆ ನಿನಗೆ ಬರೆದಿರಲಿಲ್ಲ. ಬರೆಯಬೇಕಿತ್ತೇನೋ. ನೀನು ಹೆಣ್ಣಾಗಿ, ಅದರಲ್ಲೂ ನನ್ನ ತಂಗಿಯಾಗಿ, ಗಾಜು ಇಟ್ಟುಕೊಂಡು ಬಾಗಿಲು ಬಿಟ್ಟುಬಿಟ್ಟೆ. "ಯಾವ ಕಟ್ಟಡದಲ್ಲೂ ಆಗುವಂಥ ಬದಲಾವಣೆ" ಎಂದರೆ ಇದೇ ಏನು?

ಅಕ್ಕ

*

ಆಗಸ್ಟ್ ೨೧

ಅಕ್ಕನಿಗೆ,

ಹೌದು, ಇದೇ.

ಉಪ್ಪುಗಾಳಿ ಕಂಬಗಳ ಒಳಗಿನ ಕಬ್ಬಿಣವನ್ನೆಲ್ಲ ತಿಂದುಹಾಕಿತ್ತು. ಹೊರಗೆ ಬಂಡೆಯ ಹಾಗೆ ಕಾಣುತ್ತಿದ್ದದ್ದು ಬಡಿದರೆ ಬಿಸ್ಕತ್ತಿನ ಹಾಗೆ ಉದುರಿತು. ಅವನ್ನೆಲ್ಲ ಹೊಸದಾಗಿ ಎಬ್ಬಿಸಬೇಕಾಯಿತು, ದುಡ್ಡು ಸಾಲದೆ ಏನನ್ನಾದರೂ ಕೈಬಿಡಲೇಬೇಕಾಯಿತು. ಗಾಜಿನ ಪಡಸಾಲೆ ಅಧ್ಯಕ್ಷರ ಆಸೆ. ಅದರ ಚಿತ್ರವನ್ನು ಊರ ತುಂಬ ಅಂಟಿಸಿಯೂ ಆಗಿತ್ತು. ನಾನು ಹಿಂದಿನ ಕೋಣೆಗಳ ಮಾತೆತ್ತಿದೆ. ಅವರು ಸಿಟ್ಟಾಗಲಿಲ್ಲ, ಮೆತ್ತಗೆ ಕೇಳಿದರು: "ಜನ ನೋಡೋದು ಮುಂದಿನಿಂದ ತಾನೇ ಮೇಡಂ?" ಮೇಜಿನ ಸುತ್ತ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಬೆಳಗಿನಿಂದ ಅದೇ ಕುರ್ಚಿಯಲ್ಲಿ ಕೂತಿದ್ದೆ. ಹೋಟೆಲಿಗೆ ಹೋಗಿ ಮಲಗಿದರೆ ಸಾಕಾಗಿತ್ತು. ಹೂಂ ಎಂದು ತಲೆಯಾಡಿಸಿದೆ. ಅಷ್ಟೇ ನಡೆದದ್ದು. ಯಾರೂ ನನ್ನನ್ನು ಹೆದರಿಸಲಿಲ್ಲ.

ಬೈದೆ, ಸರಿ. ಈಗ ನನ್ನ ಸರದಿ. ನೀನು ನಾಟಕ ಬಿಟ್ಟು ಎಷ್ಟು ಕಾಲವಾಯಿತು? ಏಕೆ ಬಿಟ್ಟೆ ಎಂದು ಒಂದು ಮಾತು ಹೇಳಿದ್ದೀಯ? ಫೋನ್ ಎತ್ತುವುದಿಲ್ಲ. ಕರೆದರೆ ಬರುವುದಿಲ್ಲ. ಮೊದಲು ನೀನೇ ನಿಲ್ಲಬೇಕೆಂದರೆ "ನೋಡೋಣ" ಅನ್ನುತ್ತೀಯ. ರಂಗ ನಿನಗೇ ಬೇಡವಾಗಿದ್ದರೆ ನಾನು ಯಾರಿಗಾಗಿ ಜಗಳ ಆಡಲಿ? ಆ ಕೋಣೆಗಳನ್ನು ಬರೆದಾಗ ನನ್ನ ಕಣ್ಣ ಮುಂದೆ ಇದ್ದವಳು ನೀನೊಬ್ಬಳೇ. ನೀನು ಬರುವುದಿಲ್ಲ ಎಂದಾದ ಮೇಲೆ ಅವು ಬರೀ ಗೆರೆಗಳಾದವು.

ಮೊಂಡಿ

*

ಆಗಸ್ಟ್ ೨೮

ಮೊಂಡಿಗೆ,

ನನ್ನ ಕಿವಿ ಹೋಗಿದೆ.

ಎಡಗಿವಿ ಪೂರ್ತಿ ಹೋಗಿ ಎರಡು ವರ್ಷದ ಮೇಲಾಯಿತು. ಬಲಗಿವಿಯಲ್ಲಿ ಚೂರು ಉಳಿದಿದೆ, ಅದೂ ನೀರಿನೊಳಗಿಂದ ಯಾರೋ ಮಾತಾಡಿದ ಹಾಗೆ. ಯಂತ್ರ ಹಾಕಿ ನೋಡಿದೆ. ಪಾತ್ರೆ ಬಿದ್ದ ಸದ್ದು ಚೆನ್ನಾಗಿ ಕೇಳಿಸುತ್ತದೆ, ಮಗಳ ಮಾತು ಕೇಳಿಸುವುದಿಲ್ಲ. ಡಾಕ್ಟರು ಕೈಚೆಲ್ಲಿದ್ದಾರೆ.

ಕೊನೆಯ ಆಟದಲ್ಲಿ ಮಗನ ಪಾತ್ರದವನು "ಅಮ್ಮ, ಅಪ್ಪ ಹೋದರು" ಅಂದ. ನನಗೆ ಅವನ ತುಟಿ ಆಡಿದ್ದು ಕಂಡಿತು. ಊಟ ಕೇಳುವ ಮಾತಿಗೆ ಬಂದಿದ್ದಾನೆ ಎಂದುಕೊಂಡು "ಆಯ್ತು ಕಣೋ, ಕೈಕಾಲು ತೊಳ್ಕೊಂಡು ಬಾ" ಅಂದೆ. ಜನ ಬಿದ್ದು ಬಿದ್ದು ನಕ್ಕರು. ಆ ನಗು ಕೇಳಿಸಲಿಲ್ಲ ನೋಡು, ಹಲ್ಲುಗಳು ಮಾತ್ರ ಕಂಡವು. ಏಕೆ ನಗುತ್ತಿದ್ದಾರೆಂದು ಗೊತ್ತಾಗುವಷ್ಟರಲ್ಲಿ ಆ ಹುಡುಗನ ಕಣ್ಣಲ್ಲಿ ನೀರು. ಅವತ್ತು ಬಣ್ಣ ಒರೆಸಿದವಳು ಮತ್ತೆ ಹಚ್ಚಲಿಲ್ಲ.

ಮಗಳಿಂದ ಆಣೆ ಮಾಡಿಸಿಕೊಂಡಿದ್ದೆ. ಅವಳಿಗೆ ಏನೂ ಅನ್ನಬೇಡ. ನಿನಗೆ ಹೇಳದೇ ಇದ್ದದ್ದು ಏಕೆಂದರೆ, ಲೋಕದಲ್ಲಿ ನನ್ನನ್ನು ಇನ್ನೂ ನಟಿ ಎಂದುಕೊಂಡಿರುವವಳು ನೀನೊಬ್ಬಳೇ ಉಳಿದಿದ್ದೆ. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ನಿನ್ನ ಗೋಡೆಯ ಮುಂದೆ ನಿಂತು ಹೇಗೆ ಮಾತಾಡಲಿ? ನನ್ನ ದನಿ ದೊಡ್ಡದಾಗಿ ಬರುತ್ತಿದೆಯೋ ಸಣ್ಣದಾಗಿ ಬರುತ್ತಿದೆಯೋ ನನಗೇ ತಿಳಿಯುವುದಿಲ್ಲ.

ನನಗಾಗಿ ಜಗಳ ಆಡಬೇಡ. ನನಗೆ ಕೋಣೆ ಬೇಕಾಗಿಲ್ಲ. ಈಗ ಎಷ್ಟು ಬೇಕಾದರೂ ಬೈಯಿ, ಹೇಗೂ ಕೇಳಿಸುವುದಿಲ್ಲ.

ಅಕ್ಕ

*

ಅಕ್ಟೋಬರ್ ೧೨

ಮೊಂಡಿ,

ನಿನ್ನ ಕಾಗದವಿಲ್ಲ. ಹೇಳಬಾರದಿತ್ತು ಅನ್ನಿಸುತ್ತಿದೆ. ಅಂಚೆಯವನು ಬಂದರೆ ಗೊತ್ತಾಗಲೆಂದು ಮಧ್ಯಾಹ್ನವೆಲ್ಲ ಕಿಟಕಿಯ ಹತ್ತಿರವೇ ಕೂರುತ್ತೇನೆ. ಒಂದು ಗೆರೆ ಬರೆ. ಸಿಟ್ಟಿದ್ದರೆ ಸಿಟ್ಟಿದೆ ಎಂದಾದರೂ ಬರೆ.

ಅಕ್ಕ

*

ನವೆಂಬರ್ ೧೭

ಅಕ್ಕಾ,

ಸಿಟ್ಟಿಲ್ಲ. ಒಂದು ಗೆರೆ ಬರೆಯಲು ಕೂತರೆ ಏನು ಬರೆದರೂ ಸುಳ್ಳಾಗಿ ಕಾಣುತ್ತಿತ್ತು. ನಿನ್ನ ಕಾಗದ ಬಂದ ದಿನ ಚೀಲ ಕಟ್ಟಿ ನಿಲ್ದಾಣಕ್ಕೆ ಹೋದೆ. ರೈಲು ಬಂತು, ಹೋಯಿತು. ಬಂದು ಏನು ಮಾಡುತ್ತಿದ್ದೆ? ನಿನ್ನೆದುರು ಕೂತು ಅಳುತ್ತಿದ್ದೆ. ನನಗೆ ಸಮಾಧಾನ ಹೇಳುವ ಕೆಲಸವೂ ನಿನ್ನ ತಲೆಗೇ ಬರುತ್ತಿತ್ತು.

ಇಲ್ಲಿ ಏನಾಯಿತು ಕೇಳು. ಮಂದಿರ ಏಳುವ ಮೊದಲೇ ಜನಕ್ಕೆ ರುಚಿ ಹತ್ತಲಿ ಎಂದು ನಗರಸಭೆಯವರು ಸಮುದ್ರದಂಡೆಯ ಕಟ್ಟೆಯ ಮೇಲೆ ಒಂದು ಆಟ ಏರ್ಪಡಿಸಿದರು. ಪಕ್ಕದಲ್ಲಿ ಡೇರೆ, ನನ್ನ ನಕ್ಷೆಯಲ್ಲಿದ್ದಂಥದ್ದೇ. ಮೊದಲ ಅಂಕ ಮುಗಿಯುವ ಹೊತ್ತಿಗೆ ಸಮುದ್ರದ ಗಾಳಿ ಎದ್ದಿತು. ಹಗ್ಗ ಕಿತ್ತು ಡೇರೆ ಹಾರಿತು. ಒಳಗೆ ಎಳೆಯ ನಟಿಯೊಬ್ಬಳು ಅರ್ಧ ಬಟ್ಟೆಯಲ್ಲಿದ್ದಳು, ಎದುರಿಗೆ ಇಡೀ ಊರು. ಅವಳು ಓಡಲಿಲ್ಲ, ಕೂಗಲಿಲ್ಲ. ಕೈ ಅಡ್ಡ ಹಿಡಿದು ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟಳು. ಹೋಟೆಲಿನ ಒಡತಿ ಜನರನ್ನು ತಳ್ಳಿಕೊಂಡು ಹೋಗಿ ತನ್ನ ಕೋಟು ಹೊದಿಸಿ ಎಬ್ಬಿಸಿಕೊಂಡು ಬಂದಳು. ನಾನು ನಿಂತಲ್ಲೇ ನಿಂತಿದ್ದೆ. ಆ ಡೇರೆಗೆ ತಲೆಯಾಡಿಸಿದವಳು ನಾನು.

ಮಾರನೆಯ ದಿನವೇ ಸಭೆ. ಗಾಜಿನ ಪಡಸಾಲೆ ಬೇಡ, ಮುಂದೆ ಒಂದು ಸಾದಾ ಜಗಲಿ ಸಾಕು, ಹಿಂದಿನ ಕೋಣೆಗಳನ್ನು ಕಟ್ಟಿ, ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ ಎಂದೆ. ಅಧ್ಯಕ್ಷರು ಒಪ್ಪಲಿಲ್ಲ. ಆಗ ಹೋಟೆಲಿನವಳು ಎದ್ದಳು. ಈ ಮಂದಿರ ಬೇಕೆಂದು ತಾನು ಇವತ್ತೂ ಹೇಳುವುದಿಲ್ಲ, ಆದರೆ ಕಟ್ಟುವುದೇ ಆದರೆ ಆ ಹುಡುಗಿಗೆ ಮೊದಲು ಒಂದು ಬಾಗಿಲು ಕೊಡಿ ಎಂದಳು. ಹಿಂದಿನ ದಿನ ನೋಡಿದವರೆಲ್ಲ ತಲೆ ತಗ್ಗಿಸಿ ಕೂತಿದ್ದರು.

ಮೂರು ಸಭೆ ಹಿಡಿಯಿತು. ಕೋಣೆಗಳು ಉಳಿದವು. ಅಧ್ಯಕ್ಷರು ಹೊರಗೆ ಬಂದು, "ಹೊಸ ಮಾರುಕಟ್ಟೆ ಕಟ್ಟೋ ಕೆಲಸವೂ ನಿಮಗೇ ಅಂತಿದ್ದೆ. ಇನ್ನು ಕಷ್ಟ" ಎಂದರು. ಆಗಲಿ ಸರ್ ಎಂದೆ. ಗೆದ್ದ ಖುಷಿ ಏನೂ ಆಗಲಿಲ್ಲ ಅಕ್ಕ. ಆ ಸಂಜೆ ಶೂ ಬಿಚ್ಚದೆಯೇ ಮಲಗಿಬಿಟ್ಟೆ.

ನೀನು ಬಾ. ನಾಟಕ ಆಡಬೇಡ, ಗೋಡೆ ಪರೀಕ್ಷೆ ಮಾಡಬೇಡ. ಸುಮ್ಮನೆ ಬಾ. ನನಗೆ ನಿನ್ನನ್ನು ನೋಡಬೇಕಾಗಿದೆ.

ಮೊಂಡಿ

*

ಜನವರಿ ೮

ಮೊಂಡಿಗೆ,

ಬರುತ್ತೇನೆ. ತಿಂಗಳ ಕೊನೆಗೆ, ಮಗಳು ರೈಲು ಹತ್ತಿಸುತ್ತಾಳೆ. ನಿಲ್ದಾಣದಲ್ಲಿ ನನ್ನ ಬಲಗಡೆಗೆ ನಿಲ್ಲು. ಮಾತಾಡುವಾಗ ಮುಖ ತೋರಿಸು, ಗೊಣಗಬೇಡ. ಜನರೆದುರು ಕಿವಿಯ ಹತ್ತಿರ ಬಂದು ಕೂಗಬೇಡ, ನನಗೆ ಅದರಷ್ಟು ಸಿಟ್ಟು ಬರಿಸುವಂಥದ್ದು ಇನ್ನೊಂದಿಲ್ಲ.

ಅಕ್ಕ

*

ಫೆಬ್ರವರಿ ೧೬

ಅಕ್ಕನಿಗೆ,

ನೀನು ಕ್ಷೇಮವಾಗಿ ಮನೆ ಸೇರಿದ್ದು ಮಗಳಿಂದ ತಿಳಿಯಿತು. ಅವಳು ಫೋನಿನಲ್ಲಿ ತುಂಬ ಹೊತ್ತು ಮಾತಾಡಿದಳು. ಪಾಪ, ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದಳು.

ಉದ್ಘಾಟನೆ ಮೇ ತಿಂಗಳಿಗೆ. ದೊಡ್ಡ ಊರಿನ ಯಾವುದೋ ವಾದ್ಯವೃಂದ ಬರುತ್ತದಂತೆ. ಆಹ್ವಾನದ ಕರಡಿನಲ್ಲಿ ನನ್ನ ಹೆಸರಿಲ್ಲ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು, ಆದರೆ ಅದನ್ನು ಕೇಳಲು ಹೋಗುವಷ್ಟು ತ್ರಾಣವೂ ಉಳಿದಿಲ್ಲ. ಊರು ಎದ್ದೀತೋ ಇಲ್ಲವೋ ನಾನರಿಯೆ. ದಂಡೆಯ ಎರಡು ಹೋಟೆಲುಗಳು ಕಿಟಕಿಯ ಹಲಗೆ ತೆಗೆಸಿವೆ. ಹಲ್ಲಿನ ಡಾಕ್ಟರು ಇನ್ನೂ ಬಂದಿಲ್ಲ. ಹಿಂದಿನ ಕೋಣೆಗಳಿಗೆ ಬಾಗಿಲು ಕೂತಿದೆ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಇಲ್ಲಿಗೆ ಬಂದಾಗ ನೀನು ಬೇಡ ಬೇಡ ಎನ್ನುತ್ತಲೇ ವೇದಿಕೆ ಹತ್ತಿದೆ. ನನ್ನನ್ನು ಕೊನೆಯ ಸಾಲಿಗೆ ಅಟ್ಟಿದೆ. ಮುಗಿಸಿ "ಹೇಗೆ ಕೇಳಿಸ್ತು?" ಅಂದೆ. ನಾನು ತಡವಾಗಿ ಕೈ ಎತ್ತಿದೆ. "ಕೈ ಆಡಿಸಬೇಡ, ನೆಟ್ಟಗೆ ಹೇಳು" ಎಂದು ನೀನು ಗದರಿದೆ. ಹತ್ತಿರ ಬಂದು ನಾನು ಮತ್ತೆ ಕೈಯನ್ನೇ ಆಡಿಸಿದೆ. "ಸರಿ, ಬರೆದು ಕಳಿಸು" ಅಂದೆ ನೀನು. ಬರೆಯುತ್ತಿದ್ದೇನೆ. ಹೊಗಳುವುದಿಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತೇನೆ.

ಶುರುವಿನಲ್ಲಿ ತೀರಾ ಜೋರಾಯಿತು, ಹೊಳೆಯ ಆಚೆ ದಡದವರನ್ನು ಕರೆದ ಹಾಗೆ. ಆಮೇಲೆ ನೀನು ಎದೆಯ ಮೇಲೆ ಅಂಗೈ ಇಟ್ಟುಕೊಂಡೆ. ಅದರಿಂದ ಏನು ತಿಳಿಯಿತೋ, ದನಿ ಇಳಿಯಿತು. ಮೊದಲಿಗಿಂತ ದಪ್ಪವಾಗಿದೆ. ಅಂಚು ಸವೆದಿದೆ. ಎಡಗೋಡೆ ಇನ್ನೂ ಬರಿದಾಗಿರುವುದರಿಂದ ಆ ಕಡೆ ತಿರುಗಿದಾಗ ಮಾತಿಗೆ ಬಾಲ ಬರುತ್ತಿತ್ತು. ಅದು ನಿನ್ನ ತಪ್ಪಲ್ಲ, ನನ್ನದು. ಅಲ್ಲಿ ದಪ್ಪ ಬಟ್ಟೆ ತೂಗುಹಾಕಿಸುತ್ತೇನೆ.

ನೀನು ಹೇಳಿದ್ದು ಆ ರಾಣಿಯ ಮಾತು, ಯುದ್ಧದಿಂದ ಮರಳಿದವರಿಗೆ ಕೋಟೆಯ ಬಾಗಿಲಲ್ಲಿ ನಿಂತು ಹೇಳುವುದು: "ಗೆದ್ದು ಬಂದವರಿಗೆ ಊರೆಲ್ಲ ಬಾಗಿಲು. ಸೋತು ಬಂದವರೇ, ನೀವು ಈ ಬಾಗಿಲಿಗೆ ಬನ್ನಿ." "ಸೋತು" ಎನ್ನುವಲ್ಲಿ ದನಿ ಒಡೆಯಿತು. ಬೇಕೆಂದೇ ಒಡೆದದ್ದೋ ತಾನಾಗಿ ಒಡೆಯಿತೋ, ನನಗೆ ತಿಳಿಯಲಿಲ್ಲ. ನಿನಗೂ ತಿಳಿದಿರಲಿಕ್ಕಿಲ್ಲ. ಆ ಹೊತ್ತಿಗೆ ಮೇಲೆ ಸುತ್ತಿಗೆ ಬಡಿಯುತ್ತಿದ್ದವರು ನಿಲ್ಲಿಸಿದರು. ನೀನು ಅದನ್ನು ಕಂಡಿರಲಾರೆ, ಅವರು ನಿನ್ನ ಬೆನ್ನ ಹಿಂದೆ ಅಟ್ಟಣಿಗೆಯ ಮೇಲಿದ್ದರು. ಚಹಾ ತಂದಿದ್ದ ಹೋಟೆಲಿನವಳು ಬಾಗಿಲಲ್ಲೇ ನಿಂತುಬಿಟ್ಟಳು.

ಕೊನೆಯ ಸಾಲಿಗೆ ಎಲ್ಲ ಮಾತೂ ಬಂತು ಅಕ್ಕ. ಮೈಕು ಇರಲಿಲ್ಲ. ಪಕ್ಕದಲ್ಲಿ ಕೂತು ಹೇಳಿದಷ್ಟು ಹತ್ತಿರ ಬಂತು.

ಮುಗಿಸಿದವಳೇ ನೀನು ಬಗ್ಗಿ ಚಪ್ಪಲಿ ಹುಡುಕತೊಡಗಿದೆ. ನಿನ್ನ ಪಾಲಿಗೆ ಅದು ಅಲ್ಲಿಗೆ ಮುಗಿದಿತ್ತು. ಆದರೆ ಸೂರಿನ ಕೆಳಗೆ ಆ "ಬನ್ನಿ" ಇನ್ನೂ ಒಂದು ಉಸಿರಿನಷ್ಟು ಹೊತ್ತು ಇತ್ತು. ಮೆಲ್ಲನೆ ತೆಳ್ಳಗಾಗುತ್ತಾ ಹೋಯಿತು. ನಾನು ಕೈ ಎತ್ತಲು ತಡಮಾಡಿದ್ದು ಅದಕ್ಕೇ. ಅದು ಪೂರ್ತಿ ನಿಲ್ಲಲೆಂದು ಕಾಯುತ್ತಿದ್ದೆ.

ಮೊಂಡಿ